ಸಣ್ಣ ಕಾರಿನ ಸ್ಟಾರ್ ಓದುವುದು ಹೇಗೆ?: ಕ್ರ್ಯಾಶ್ ಟೆಸ್ಟ್ ಟಿಪ್ಪಣಿ

ಕಲಬುರಗಿಯಲ್ಲಿ ಸಣ್ಣ ಕಾರು ಕೊಳ್ಳಲು ಹೋದವರು ಈಗ ಶೋರೂಮಿನಲ್ಲಿ "ಏರ್‌ಬ್ಯಾಗ್ ಎಷ್ಟಿವೆ?" ಅಂತ ಕೇಳುತ್ತಾರೆ. ಒಳ್ಳೇ ಪ್ರಶ್ನೆ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ಡಿಕ್ಕಿಯಾದಾಗ ನಾವು ಕೂತಿರುವ ಜಾಗ ಹಾಗೇ ಉಳಿಯುತ್ತದಾ?

ಮೊದಲು ಪರೀಕ್ಷೆ ಹೇಗಿರುತ್ತದೆ ನೋಡೋಣ. ಕಾರುಗಳನ್ನು ಗುದ್ದಿಸಿ ನೋಡಿ 5ರವರೆಗೆ ಸ್ಟಾರ್ ಕೊಡುವ ನಮ್ಮ ದೇಶದ ವ್ಯವಸ್ಥೆ ಭಾರತ್ ಎನ್‌ಕ್ಯಾಪ್. ಇದು 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಮುಂಭಾಗದ ಪರೀಕ್ಷೆಯಲ್ಲಿ ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಒಂದು ತಡೆಗೆ ಗುದ್ದಿಸುತ್ತಾರೆ. ಪೂರ್ತಿ ಮುಖ ಅಲ್ಲ, ಡ್ರೈವರ್ ಕಡೆಯ 40% ಅಗಲ ಮಾತ್ರ ತಾಗುತ್ತದೆ. ಎದುರಿನ ಗಾಡಿ ಅರ್ಧಂಬರ್ಧ ಬಂದು ಬಡಿದ ಹಾಗೆ. ಪಕ್ಕದ ಡಿಕ್ಕಿಯ ಪರೀಕ್ಷೆಯೂ ಇದೆ, ಕಾರಿನ ಪಕ್ಕವನ್ನು ಕಂಬಕ್ಕೆ ಬಡಿಸುವುದೂ ಇದೆ. ದೊಡ್ಡವರ ರಕ್ಷಣೆಗೆ ಒಟ್ಟು 32 ಅಂಕ, ಮಕ್ಕಳದಕ್ಕೆ 49. ಸ್ಟಾರ್ ಬರುವುದು ಈ ಅಂಕಗಳ ಮೇಲೆ.

ಈಗ ಲೆಕ್ಕ. 64 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 17.8 ಮೀಟರ್. ಕಾರಿನ ಮುಂಭಾಗ 60 ಸೆಂ.ಮೀ. ಕುಗ್ಗಿ ನಿಂತಿತು ಅಂದುಕೊಳ್ಳಿ. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ಕಾರು ನಿಧಾನವಾಗುವ ಬಿರುಸು ಗುರುತ್ವದ ಸುಮಾರು 27 ಪಟ್ಟು ಬರುತ್ತದೆ. ಬೆಲ್ಟ್ ಹಾಕಿದವರು ಹೆಚ್ಚುಕಡಿಮೆ ಕಾರಿನ ಜೊತೆಗೇ ನಿಧಾನವಾಗುತ್ತಾರೆ. ಹಾಕದವರು ಅದೇ ವೇಗದಲ್ಲಿ ಹೋಗಿ ಡ್ಯಾಶ್‌ಬೋರ್ಡಿಗೆ ಬಡಿಯುತ್ತಾರೆ. ಅಲ್ಲಿ 6 ಸೆಂ.ಮೀ.ನಲ್ಲಿ ನಿಂತರೂ ಪೆಟ್ಟು ಹತ್ತು ಪಟ್ಟು ಜಾಸ್ತಿ.

ಅದಕ್ಕೇ ಮುಂಭಾಗ ಕುಗ್ಗಲೇಬೇಕು, ಕ್ಯಾಬಿನ್ ಕುಗ್ಗಬಾರದು. ಬಾನೆಟ್ ನುಜ್ಜುಗುಜ್ಜಾದ ಫೋಟೊ ನೋಡಿ "ಡಬ್ಬಾ ಗಾಡಿ" ಅನ್ನುವವರಿದ್ದಾರೆ. ನೀವು ಬಾನೆಟ್ ಬಿಡಿ. ಗಾಜಿನ ಪಕ್ಕದ ಕಂಬ ಬಾಗಿದೆಯಾ, ಬಾಗಿಲಿನ ಚೌಕಟ್ಟು ಸೊಟ್ಟಗಾಗಿದೆಯಾ, ಪೆಡಲ್ ಕಾಲಿನ ಕಡೆ ನುಗ್ಗಿದೆಯಾ, ಅದನ್ನು ನೋಡಿ.

ಇದಕ್ಕೆ ನನಗೆ ಅತಿ ಸ್ಪಷ್ಟವಾಗಿ ಕಾಣುವ ಉದಾಹರಣೆ 2014ರದ್ದು. ಆಗ ಇಂಥದೇ ಪರೀಕ್ಷೆ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪ್ ಭಾರತದ ಐದು ಸಣ್ಣ ಕಾರು ಪರೀಕ್ಷಿಸಿತು: ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ. ಏರ್‌ಬ್ಯಾಗ್ ಇಲ್ಲದ ಐದಕ್ಕೂ ಸೊನ್ನೆ ಸ್ಟಾರ್. ಆದರೆ ಸೊನ್ನೆ ಎಲ್ಲ ಒಂದೇ ಅಲ್ಲ. ಫಿಗೊ, ಪೋಲೊಗಳ ಬಾಡಿ ತಡೆದುಕೊಂಡಿತ್ತು. ಎರಡು ಏರ್‌ಬ್ಯಾಗ್ ಇದ್ದ ಪೋಲೊವನ್ನು ಮತ್ತೆ ಗುದ್ದಿಸಿದಾಗ ದೊಡ್ಡವರ ರಕ್ಷಣೆಗೆ 4 ಸ್ಟಾರ್ ಬಂತು. ಉಳಿದ ಮೂರರ ಬಾಡಿ ಎಷ್ಟು ದುರ್ಬಲವಾಗಿತ್ತೆಂದರೆ, ಏರ್‌ಬ್ಯಾಗ್ ಹಾಕಿದರೂ ಪ್ರಯೋಜನವಾಗದು ಅಂತ ವರದಿ ಹೇಳಿತು. ಸಣ್ಣ ಕಾರು ಅಂದಮೇಲೆ ಇಷ್ಟೇ ಅಂತಲೂ ಅಲ್ಲ. 2024ರಲ್ಲಿ ಹೊಸ ಡಿಜೈರ್ ದೊಡ್ಡವರ ರಕ್ಷಣೆಯಲ್ಲಿ 5 ಸ್ಟಾರ್ ಪಡೆಯಿತು.

ಮಕ್ಕಳ ಸ್ಟಾರ್ ಬೇರೆಯಾಗೇ ಓದಿ. 2023ರಲ್ಲಿ ಆಲ್ಟೊ ಕೆ10ಗೆ ದೊಡ್ಡವರಲ್ಲಿ 2 ಸ್ಟಾರ್, ಮಕ್ಕಳಲ್ಲಿ ಸೊನ್ನೆ. ನಮ್ಮಲ್ಲಿ ಮಗು ಅಂದರೆ ತಾಯಿಯ ತೊಡೆಯ ಮೇಲೇ, ಅಲ್ವಾ? ಮೇಲಿನ ಲೆಕ್ಕಕ್ಕೆ ಮರಳಿ. 10 ಕೆ.ಜಿ.ಯ ಮಗು 27 ಪಟ್ಟಿನಲ್ಲಿ 270 ಕೆ.ಜಿ. ಎಳೆತವಾಗುತ್ತದೆ. ಎರಡೂವರೆ ಕ್ವಿಂಟಲ್‌ಗಿಂತ ಜಾಸ್ತಿ ತೊಗರಿಯನ್ನು ಕೈಯಲ್ಲಿ ತಡೆದು ಹಿಡಿದ ಹಾಗೆ. ಯಾವ ತಾಯಿಯ ಕೈಗೂ ಆಗದು. ಹಿಂದಿನ ಸೀಟಿನಲ್ಲಿ ಐಸೋಫಿಕ್ಸ್ ಕೊಂಡಿ ಇದೆಯಾ ನೋಡಿ, ಮಗುವಿನ ಸೀಟನ್ನು ಅದಕ್ಕೇ ಸಿಕ್ಕಿಸಿ.

ಸ್ಟಾರ್ ಹೇಳದ ಸಂಗತಿಯೂ ಒಂದಿದೆ. ಮುಂಭಾಗದ ಪರೀಕ್ಷೆ ಹೆಚ್ಚುಕಡಿಮೆ ಅಷ್ಟೇ ತೂಕದ ಇನ್ನೊಂದು ಕಾರಿಗೆ ಗುದ್ದಿದ ಹಾಗೆ. ನಮ್ಮ ಸೇಡಂ ರಸ್ತೆಯ ಸಿಮೆಂಟ್ ಲಾರಿ ಆ ಲೆಕ್ಕದಲ್ಲಿಲ್ಲ. ಆಳಂದ, ಅಫಜಲಪುರದ ಕಡೆ ರಾತ್ರಿ ದೀಪವಿಲ್ಲದೆ ನಿಂತ ಕಬ್ಬಿನ ಟ್ರಾಲಿಯೂ ಇಲ್ಲ. ಟ್ರಾಲಿಯ ಹಿಂಬದಿ ಎತ್ತರದಲ್ಲಿರುತ್ತದೆ. ಕುಗ್ಗಬೇಕಾದ ಬಾನೆಟ್ ಅದರ ಅಡಿಗೆ ನುಗ್ಗಿಬಿಡುತ್ತದೆ. ಪೆಟ್ಟು ನೇರ ಗಾಜಿಗೆ, ತಲೆಗೆ ಬರುತ್ತದೆ. 5 ಸ್ಟಾರ್ ಕಾರಾದರೂ ಅಲ್ಲಿ ಭರವಸೆ ಇಲ್ಲ. ಟ್ರಾಲಿ ಇಟ್ಟುಕೊಂಡ ನೆಂಟರು, ಗೆಳೆಯರು ನಿಮಗಿದ್ದರೆ ಹಿಂದೆ ರಿಫ್ಲೆಕ್ಟರ್ ಪಟ್ಟಿ ಅಂಟಿಸಲು ದಯವಿಟ್ಟು ಹೇಳಿ.