ನಕ್ಷೆ ಉಳಿಯದ ಚರ್ಚನ್ನು ಮತ್ತೆ ಕಟ್ಟಿದ ಕ್ಯಾರ್ಸಮ್ಯಾಕಿ

ಫಿನ್ಲೆಂಡಿನ ಉತ್ತರ ಓಸ್ತ್ರೊಬೋತ್ನಿಯಾ ಪ್ರಾಂತ್ಯದ ಕ್ಯಾರ್ಸಮ್ಯಾಕಿ ಎಂಬ ಹಳ್ಳಿಯಲ್ಲಿ ಲೂಥರನ್ ಸಭೆಯ ಮೊದಲ ಮರದ ಚರ್ಚ್ 1765ರಲ್ಲಿ, ದೇಶವಿನ್ನೂ ಸ್ವೀಡನ್ನಿನ ಆಳ್ವಿಕೆಯಲ್ಲಿದ್ದಾಗ, ಸಿದ್ಧವಾಯಿತು. ಅದೇ ವರ್ಷ ಪೂರ್ಣಗೊಂಡ ಪೆತಾಯವೇಸಿಯ ಮರದ ಚರ್ಚ್ ಇಂದಿಗೂ ನಿಂತಿದ್ದು, 1994ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಕ್ಯಾರ್ಸಮ್ಯಾಕಿಯ ಚರ್ಚಿಗೆ ಆ ಭಾಗ್ಯವಿರಲಿಲ್ಲ. ಅದನ್ನು 1841ರಲ್ಲಿ ಕೆಡವಲಾಯಿತು.

1998ರಲ್ಲಿ ಸಭೆಯವರು ನದಿ ದಂಡೆಯ ಆ ಹಳೆಯ ನಿವೇಶನದಲ್ಲೇ ಚರ್ಚನ್ನು ಮತ್ತೆ ಕಟ್ಟಲು ಮುಂದಾದಾಗ, ಹಿಂದಿನ ಕಟ್ಟಡ ಹೇಗಿತ್ತೆಂದು ಖಚಿತವಾಗಿ ತಿಳಿಸುವ ದಾಖಲೆಗಳು ಸಿಗಲಿಲ್ಲ. ಊಹೆಯನ್ನೇ ನೆಚ್ಚಿ ಹಳೆಯದರ ಪ್ರತಿಕೃತಿಯೆಂದು ಏನನ್ನೋ ನಿಲ್ಲಿಸುವ ಬದಲು, ರೂಪವನ್ನು ಈ ಕಾಲದ ವಾಸ್ತುಶಿಲ್ಪಿಗೆ ಬಿಟ್ಟು, ಕಟ್ಟುವ ವಿಧಾನವನ್ನು ಮಾತ್ರ ಹದಿನೆಂಟನೆಯ ಶತಮಾನದಿಂದ ಪಡೆಯುವುದೆಂದು ಅವರು ತೀರ್ಮಾನಿಸಿದರು. ಇಡೀ ಪ್ರಕರಣದಲ್ಲಿ ಅತ್ಯಂತ ಪ್ರಾಮಾಣಿಕವಾದ ನಿರ್ಧಾರ ಇದೇ ಎಂಬುದು ನನ್ನ ದೃಢ ಅಭಿಪ್ರಾಯ. ಔಲು ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ ಸ್ಪರ್ಧೆಯಲ್ಲಿ ಅನ್ಸಿ ಲಾಸ್ಸಿಲಾ ಅವರ ವಿನ್ಯಾಸ ಗೆದ್ದಿತು. ಕಟ್ಟಡ 2004ರಲ್ಲಿ ಪೂರ್ಣಗೊಂಡಿತು.

ವಿಧಾನದ ವಿಷಯದಲ್ಲಿ ಅವರು ರಾಜಿ ಮಾಡಿಕೊಳ್ಳಲಿಲ್ಲ. ದಿಮ್ಮಿಗಳನ್ನು ಕೊಡಲಿಯಿಂದ ಕೆತ್ತಿ ಚೌಕಗೊಳಿಸಿ, ಮೂಲೆಗಳಲ್ಲಿ ಕಚ್ಚು ಹಾಕಿ, ಒಂದರ ಮೇಲೊಂದು ಕೂರಿಸಿ ಗೋಡೆ ಎಬ್ಬಿಸಲಾಯಿತು. ಕಟ್ಟಡವನ್ನು ಹೊರಗಿನಿಂದ ಹೊದಿಸಲು ಆಸ್ಪೆನ್ ಮರದಿಂದ ಸುಮಾರು 50,000 ಬಿಲ್ಲೆಗಳನ್ನು ಕೈಯಿಂದಲೇ ಸಿದ್ಧಪಡಿಸಿ, ಮರದಿಂದ ಇಳಿಸಿದ ಡಾಂಬರಿನಲ್ಲಿ ಅದ್ದಿ, ಮೀನಿನ ಹುರುಪೆಯಂತೆ ಒಂದರ ಮೇಲೊಂದು ಬರುವ ಹಾಗೆ ಜೋಡಿಸಲಾಯಿತು. ಡಾಂಬರು ಮರದೊಳಕ್ಕೆ ನೀರು ಇಳಿಯದಂತೆ ತಡೆಯುತ್ತದೆ. ಇದೇ ಡಾಂಬರು ಒಂದು ಕಾಲದಲ್ಲಿ ಓಸ್ತ್ರೊಬೋತ್ನಿಯಾದ ಕಾಡುಗಳಿಂದ ಔಲು ಬಂದರಿನ ಮೂಲಕ ಯುರೋಪಿನ ಹಡಗು ಕಟ್ಟೆಗಳಿಗೆ ಹೋಗುತ್ತಿತ್ತೆಂಬುದನ್ನು ನೆನೆದರೆ, ಇಲ್ಲಿ ಅದರ ಬಳಕೆ ಪ್ರದರ್ಶನಕ್ಕಾಗಿ ತಂದದ್ದಲ್ಲವೆಂದು ಸ್ಪಷ್ಟವಾಗುತ್ತದೆ.

ಕಪ್ಪಗಿನ ಈ ಹೊದಿಕೆಗೂ ಒಳಗಿನ ದಿಮ್ಮಿ ಗೋಡೆಗೂ ನಡುವೆ ಉಳಿದ ಜಾಗದಲ್ಲಿ ಮೊಗಸಾಲೆ, ಪಾದ್ರಿಯ ಕೋಣೆ, ಉಗ್ರಾಣಗಳಿವೆ. ಅದನ್ನು ದಾಟಿದರೆ ಬಣ್ಣ ಕಾಣದ ತಿಳಿ ಮರದ ಪ್ರಾರ್ಥನಾ ಮಂದಿರ. ಅಲ್ಲಿಗೆ ಹಗಲಿನ ಬೆಳಕು ಇಳಿಯುವುದು ಛಾವಣಿಯ ನೆತ್ತಿಯಿಂದ. ವಿದ್ಯುತ್ ದೀಪವಾಗಲಿ ಬಿಸಿ ಮಾಡುವ ವ್ಯವಸ್ಥೆಯಾಗಲಿ ಇಲ್ಲ. ಕತ್ತಲಾದರೆ ಮೇಣದಬತ್ತಿಯ ಲಾಂದ್ರಗಳನ್ನು ಹಚ್ಚುತ್ತಾರೆ. ಬಿಸಿಲು, ಮಳೆ, ಹಿಮಕ್ಕೆ ಡಾಂಬರು ಕ್ರಮೇಣ ಸವೆಯುವುದರಿಂದ ಬಿಲ್ಲೆಗಳಿಗೆ ಅದನ್ನು ಮತ್ತೆ ಮತ್ತೆ ಬಳಿಯಬೇಕಾಗುತ್ತದೆ. ಕೆಟ್ಟವನ್ನು ತೆಗೆದು ಹೊಸದನ್ನು ಕೂರಿಸಲು, ಕಟ್ಟುವಾಗ ಬೇಕಾಗಿದ್ದ ಅದೇ ಕೈಕಸುಬು ಬಲ್ಲವರೇ ಬೇಕು.