ಮನೆಗೆ ಬಂದ ಕಪ್ಪು-ಬಿಳಿ ಪಟ್ಟೆಯ ಹಾವು ಕಟ್ಟುಹಾವೇ?

ಓದುಗರ ಪ್ರಶ್ನೆ: ರಾತ್ರಿ ಬಚ್ಚಲುಮನೆ ಹತ್ತಿರ ಕಪ್ಪು ಮೈಗೆ ಬಿಳಿ ಪಟ್ಟೆ ಇರುವ ಹಾವು ಕಂಡಿತು. ಕೆಲವರು ಕಟ್ಟುಹಾವು ಅಂದರು, ಇನ್ನು ಕೆಲವರು ವಿಷವೇ ಇಲ್ಲ ಅಂದರು. ಗುರುತಿಸುವುದು ಹೇಗೆ?

ಉತ್ತರ: ಎರಡಕ್ಕೂ ಅವಕಾಶ ಇದೆ. ನಮ್ಮ ಕಡೆ ಮನೆ ಸುತ್ತಮುತ್ತ ಕಾಣುವ ಇಂಥ ಹಾವುಗಳಲ್ಲಿ ಹೆಚ್ಚು ಗೊಂದಲ ಆಗುವುದು ಕಟ್ಟುಹಾವು ಮತ್ತು ತೋಳದ ಹಾವಿನ ನಡುವೆ. ಕಟ್ಟುಹಾವಿನ ವಿಷ ನಾಗರಹಾವಿನದಕ್ಕಿಂತಲೂ ತೀಕ್ಷ್ಣ. ತೋಳದ ಹಾವು ಕಚ್ಚಿದರೆ ಗಾಯ ಅಷ್ಟೇ, ವಿಷ ಇಲ್ಲ.

ಪಟ್ಟೆ ಎಲ್ಲಿ ದಟ್ಟವಾಗಿದೆ ನೋಡಿ. ಕಟ್ಟುಹಾವಿನ ಕುತ್ತಿಗೆ ಭಾಗ ಸಾಮಾನ್ಯವಾಗಿ ಬರೀ ಕಪ್ಪು. ಸ್ವಲ್ಪ ಹಿಂದಕ್ಕೆ ಹೋದಮೇಲೆ ತೆಳ್ಳನೆಯ ಬಿಳಿ ಗೆರೆಗಳು ಜೋಡಿಜೋಡಿಯಾಗಿ ಶುರುವಾಗಿ ಬಾಲದ ಕಡೆ ಸ್ಪಷ್ಟವಾಗುತ್ತವೆ. ತೋಳದ ಹಾವಿನದು ಉಲ್ಟಾ. ಕುತ್ತಿಗೆಯ ಮೇಲೇ ದಪ್ಪ ಪಟ್ಟೆ, ಬಾಲದ ಕಡೆ ಮಾಸಿ ಹೋಗುತ್ತದೆ. ಮೈ ಬಣ್ಣವೂ ಹೆಚ್ಚಾಗಿ ಕಂದು, ತಲೆ ಚಪ್ಪಟೆ. ಕಟ್ಟುಹಾವಿನ ಬೆನ್ನಿನ ನಡುಸಾಲಿನಲ್ಲಿ ಆರು ಮೂಲೆಯ ದೊಡ್ಡ ಹುರುಪೆಗಳಿರುತ್ತವೆ. ಇದನ್ನು ದೂರದಿಂದ ತೆಗೆದ ಫೋಟೋ ಹಿಗ್ಗಿಸಿ ನೋಡಬೇಕು, ಹತ್ತಿರ ಹೋಗಿ ಬಗ್ಗಿ ಅಲ್ಲ.

ಆದರೆ ಇದನ್ನೇ ಪೂರ್ತಿ ನಂಬಬೇಡಿ. ಕೆಲವು ಕಟ್ಟುಹಾವುಗಳಿಗೆ ಪಟ್ಟೆಯೇ ಕಾಣುವುದಿಲ್ಲ. ಮರಿಗಳಿಗೆ ಕುತ್ತಿಗೆ ಹತ್ತಿರವೂ ಬಿಳಿ ಗುರುತು ಇರಬಹುದು. ಅನುಮಾನ ಇದ್ದರೆ ಕಟ್ಟುಹಾವು ಅಂತಲೇ ತಿಳಿದು ದೂರ ನಿಲ್ಲಿ, ಹಾವು ಹಿಡಿಯುವವರನ್ನು ಕರೆಸಿ. ಹಾಗೆ ಮಾಡಿದರೆ ಪಾಪದ ತೋಳದ ಹಾವೂ ಉಳಿಯುತ್ತದೆ. ಹಲ್ಲಿ ಹುಡುಕಿಕೊಂಡು ಒರಟು ಗೋಡೆ ಹತ್ತಿ ಕಿಟಕಿ ಸಂದಿಗೆ ಬರುವ, ಒಂದೂವರೆ-ಎರಡು ಅಡಿಯ ಈ ಹಾವನ್ನು ಬರೀ ಪಟ್ಟೆ ನೋಡಿ ಎಷ್ಟೋ ಕಡೆ ಹೊಡೆದು ಸಾಯಿಸುತ್ತಾರೆ.

ನನ್ನ ಪ್ರಕಾರ ಪಟ್ಟೆಗಿಂತ ಮುಖ್ಯವಾದದ್ದು ಕಟ್ಟುಹಾವಿನ ದಿನಚರಿ. ಹಗಲಲ್ಲಿ ಅದು ಇಲಿ ಬಿಲ, ಹುತ್ತ, ಇಟ್ಟಿಗೆ ರಾಶಿಯಲ್ಲಿ ಸುರುಳಿ ಸುತ್ತಿ ತಲೆ ಮರೆಸಿಕೊಂಡು ಬಿದ್ದಿರುತ್ತದೆ. ಕೆಣಕಿದರೂ ಮಂಕಾಗಿಯೇ ಇರುವುದು ಜಾಸ್ತಿ. ಕತ್ತಲಾದರೆ ಅದೇ ಹಾವು ಚುರುಕು. ಬೇರೆ ಹಾವುಗಳೇ ಅದರ ಮುಖ್ಯ ಆಹಾರ, ತನ್ನ ಜಾತಿಯವನ್ನೂ ಬಿಡುವುದಿಲ್ಲ. ಇಲಿ, ಹಲ್ಲಿ, ಕಪ್ಪೆಯನ್ನೂ ತಿನ್ನುತ್ತದೆ. ಇವನ್ನು ಹುಡುಕುತ್ತಾ ಮನೆಯೊಳಗೆ ಬಂದಾಗ ನೆಲದ ಮೇಲೆ ಮಲಗಿದವರು ಮಗ್ಗುಲು ಬದಲಿಸಿ ಅದನ್ನು ಒತ್ತಿದರೆ ಕಚ್ಚುತ್ತದೆ.

ಆ ಕಡಿತ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಹಲ್ಲು ಚಿಕ್ಕದು. ನೋವು ಕಡಿಮೆ, ಊತವೂ ಇಲ್ಲದಂತೆ. ಸೊಳ್ಳೆಯೋ ಇರುವೆಯೋ ಅಂದುಕೊಂಡು ಮತ್ತೆ ನಿದ್ದೆ ಹೋಗುತ್ತಾರೆ. ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂಕೇತವನ್ನು ತಡೆಯುತ್ತದೆ. ಕೆಲವು ಗಂಟೆಗಳಲ್ಲಿ ಹೊಟ್ಟೆನೋವು, ವಾಂತಿ. ಆಮೇಲೆ ರೆಪ್ಪೆ ಜೋತುಬೀಳುತ್ತದೆ, ಎಂಜಲು ನುಂಗಲಾಗುವುದಿಲ್ಲ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಬೆಳಗಿನ ಜಾವದ ಹೊಟ್ಟೆನೋವಿಗೆ ಗ್ಯಾಸ್ ಮಾತ್ರೆ ನುಂಗಿ ಕಾಯುತ್ತಾ ಕೂತರೆ ಇಲ್ಲೇ ಹೊತ್ತು ಕಳೆದುಹೋಗುತ್ತದೆ.

ಅದಕ್ಕೇ ಮಂಚದ ಮೇಲೆ ಮಲಗಿ. ಆಗದಿದ್ದರೆ ಸೊಳ್ಳೆಪರದೆ ಕಟ್ಟಿ, ಅಂಚನ್ನು ಚಾಪೆ ಅಡಿಗೆ ಸುತ್ತಲೂ ಸಿಕ್ಕಿಸಿ. ಸೊಳ್ಳೆಗಿಂತ ಹಾವಿಗೇ ಇದು ಬೇಕು ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ರಾತ್ರಿ ಎದ್ದರೆ ಟಾರ್ಚ್ ಹಾಕಿಯೇ ಕಾಲಿಡಿ.

ಕಚ್ಚಿದ ಅನುಮಾನ ಬಂದರೂ ಸಾಕು, 108ಕ್ಕೆ ಫೋನ್ ಮಾಡಿ. ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಔಷಧಿ ಯಾವುದೂ ಬೇಡ. ಹಾವನ್ನು ಹಿಡಿದು ತರಬೇಕಾಗಿಯೂ ಇಲ್ಲ. ನಮ್ಮ ದೇಶದ ವಿಷನಿರೋಧಕ ಚುಚ್ಚುಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಉಸಿರಾಟಕ್ಕೆ ವೆಂಟಿಲೇಟರ್ ಬೇಕಾಗಬಹುದು, ಆದ್ದರಿಂದ ಅದಿರುವ ಆಸ್ಪತ್ರೆಯನ್ನೇ ಕೇಳಿ. ಕಚ್ಚಿದ ಗುರುತು ಕಾಣದಿದ್ದರೂ ಡಾಕ್ಟರಿಗೆ ಇಷ್ಟು ಹೇಳಿ: ನೆಲದ ಮೇಲೆ ಮಲಗಿದ್ದರು, ಎದ್ದಾಗ ಹೊಟ್ಟೆನೋವು, ಈಗ ರೆಪ್ಪೆ ಎತ್ತಲು ಆಗುತ್ತಿಲ್ಲ.