ಡಬ್ಬಿ ಮರೆತ ದಿನ ಉಪವಾಸ: ಇದು ಶಿಸ್ತೋ, ಗೀಳೋ?

ಪ್ರಶ್ನೆ: ನನಗೆ 34 ವರ್ಷ, ಆಡಿಟ್ ಕೆಲಸ. ಎರಡು ವರ್ಷದಿಂದ ಸಕ್ಕರೆ, ಮೈದಾ, ಬಿಳಿ ಅಕ್ಕಿ, ಹೊರಗಿನ ಎಣ್ಣೆ ಬಿಟ್ಟಿದ್ದೇನೆ. ಈಚೆಗೆ ಹಾಲು ಮೊಸರೂ ಬಿಟ್ಟೆ. ಡಬ್ಬಿ ಮರೆತ ದಿನ ಉಪವಾಸವೇ. ‘ನಿನ್ನ ಸ್ವಭಾವವೇ ಅತಿ’ ಅಂತಾರೆ ಅಮ್ಮ. ಒಳ್ಳೆಯದನ್ನು ತಿನ್ನುವುದೂ ಕಾಯಿಲೆಯೇ?

ಉತ್ತರ: ಡಬ್ಬಿಯಲ್ಲಿ ಏನಿದೆ ಅನ್ನುವುದಕ್ಕಿಂತ, ಡಬ್ಬಿ ಮರೆತ ದಿನ ನಿಮಗೇನಾಗುತ್ತದೆ ಅಂತ ನೋಡಿಕೊಳ್ಳಿ. ಒಂದೇ ಆಫೀಸಿನ ಇಬ್ಬರು ದಿನಾ ರಾಗಿ ರೊಟ್ಟಿ, ಸೊಪ್ಪಿನ ಪಲ್ಯ ತರುತ್ತಾರೆ ಅಂದುಕೊಳ್ಳಿ. ಡಬ್ಬಿ ಮನೆಯಲ್ಲೇ ಉಳಿದರೆ ಒಬ್ಬರು ಕ್ಯಾಂಟೀನಿನ ಚಿತ್ರಾನ್ನ ತಿಂದು ಕೆಲಸಕ್ಕೆ ಕೂರುತ್ತಾರೆ. ಇನ್ನೊಬ್ಬರಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಇಳಿದರೂ ಮಲಗುವ ತನಕ ಆ ಎಣ್ಣೆಯದೇ ಲೆಕ್ಕ, ಮರುದಿನ ಪ್ರಾಯಶ್ಚಿತ್ತಕ್ಕೆ ಬರೀ ಸೌತೆಕಾಯಿ.

ಈ ಎರಡನೆಯ ಪಾಡಿಗೆ 1997ರಲ್ಲಿ ‘ಆರ್ಥೊರೆಕ್ಸಿಯಾ’ ಎಂದು ಹೆಸರಿಟ್ಟವರು ಅಮೆರಿಕದ ವೈದ್ಯ ಸ್ಟೀವನ್ ಬ್ರ್ಯಾಟ್‌ಮನ್. ಅವರೂ ಇದನ್ನು ಅನುಭವಿಸಿದವರೇ: ಕಿತ್ತು 15 ನಿಮಿಷ ದಾಟಿದ ತರಕಾರಿ ಮುಟ್ಟುತ್ತಿರಲಿಲ್ಲ, ಒಂದೊಂದು ತುತ್ತನ್ನೂ 50 ಸಲ ಅಗಿಯುತ್ತಿದ್ದರು. ನನಗಂತೂ ಅಜ್ಜಿಯ ಮಡಿ ನೆನಪಾಗುತ್ತದೆ. ಆದರೆ ಅಜ್ಜಿ ಊಟ ಮುಗಿದ ಮೇಲೆ ಮಡಿಸೀರೆ ಬಿಚ್ಚಿಡುತ್ತಿದ್ದಳು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಇದನ್ನು ಪ್ರತ್ಯೇಕ ಕಾಯಿಲೆಯೆಂದು ಪಟ್ಟಿ ಮಾಡಿಲ್ಲ. ಹಾಗಾಗಿ ಯಾವುದೋ ಪ್ರಶ್ನಾವಳಿ ತುಂಬಿ ನಿಮಗೆ ನೀವೇ ಹೆಸರು ಅಂಟಿಸಿಕೊಳ್ಳಬೇಡಿ. ಹೆಚ್ಚು ಬಳಕೆಯಾಗಿರುವ ಓರ್ಟೊ-15 ಪ್ರಶ್ನಾವಳಿಯ ಮೇಲೇ, ಬರೀ ಪಥ್ಯದಲ್ಲಿರುವವರನ್ನೂ ಗೀಳಿನವರ ಸಾಲಿಗೆ ಸೇರಿಸುತ್ತದೆ ಎಂಬ ದೂರಿದೆ.

ಇನ್ನು ಸ್ವಭಾವದ ಮಾತು. ಅಮ್ಮ ಹೇಳಿದ್ದು ಅರ್ಧ ನಿಜ. ಎಲ್ಲವೂ ಒಂಚೂರೂ ತಪ್ಪದೆ ಇರಬೇಕೆನ್ನುವ ಹಟ, ಮಾಡಿದ್ದನ್ನೇ ಮತ್ತೆ ಮತ್ತೆ ಪರೀಕ್ಷಿಸುವ ಚಾಳಿ, ಇವೆರಡರ ಜೊತೆ ಈ ಗೀಳಿನ ನಂಟು ಅಧ್ಯಯನಗಳಲ್ಲಿ ಪದೇ ಪದೇ ಕಂಡಿದೆ. ಆದರೆ ಅವುಗಳಲ್ಲಿ ಹೆಚ್ಚಿನವು ಒಂದೇ ಸಲ ಪ್ರಶ್ನೆ ಕೇಳಿ ಮುಗಿಸಿದವು. ಯಾವುದರಿಂದ ಯಾವುದು ಹುಟ್ಟಿತು ಎಂದು ಅವು ಹೇಳಲಾರವು. ಲೆಕ್ಕದಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೂ ನಿದ್ದೆ ಬಾರದ ನಿಮ್ಮ ಗುಣಕ್ಕೆ ಆಫೀಸಿನಲ್ಲಿ ಶಹಬ್ಬಾಸ್ ಸಿಗುತ್ತದೆ. ಅದೇ ಕಣ್ಣು ಬಿಸ್ಕತ್ ಪೊಟ್ಟಣದ ಹಿಂದಿನ ಸಣ್ಣಕ್ಷರಕ್ಕೆ ಅಂಟಿಕೊಂಡರೆ ಲೆಕ್ಕ ಎಂದೂ ಮುಗಿಯುವುದಿಲ್ಲ: ಸಕ್ಕರೆ ಹೋಯಿತು, ಅಕ್ಕಿ ಹೋಯಿತು, ಈಗ ಮೊಸರು. ಮೀಟಿಂಗ್ ಎಷ್ಟೊತ್ತಿಗೆ ಮುಗಿಯುತ್ತದೋ, ಬಸ್ಸು ಯಾವಾಗ ಬರುತ್ತದೋ, ದುಡಿಯುವ ಹೆಂಗಸಿನ ಕೈಯಲ್ಲಿ ಯಾವುದೂ ಇಲ್ಲದ ದಿನ ತಟ್ಟೆಯೊಂದೇ ಹೇಳಿದ ಹಾಗೆ ಕೇಳುತ್ತದೆ. ಹಿಡಿತ ಅಲ್ಲಿ ಬಿಗಿಯಾಗುತ್ತದೆ ಎಂಬುದು ನನ್ನ ಅನಿಸಿಕೆ. ಮೇಲೆ ‘ಎಷ್ಟು ಕಂಟ್ರೋಲ್ ರೀ ನಿಮಗೆ!’ ಅನ್ನುವವರು ಬೇರೆ.

ಈಗ ಮಾಡಬೇಕಾದ್ದು: ಮಾಂಸ, ಮೊಟ್ಟೆ ತಿನ್ನದವರು ಹಾಲು ಮೊಸರನ್ನೂ ಬಿಟ್ಟರೆ ವಿಟಮಿನ್ ಬಿ12 ಕೊರತೆ ಸುಲಭವಾಗಿ ಬರುತ್ತದೆ. ಅದನ್ನೂ ಹಿಮೋಗ್ಲೋಬಿನ್ನನ್ನೂ ಪರೀಕ್ಷೆ ಮಾಡಿಸಿ. ಮುಟ್ಟು ತಪ್ಪುತ್ತಿದ್ದರೆ ತಡಮಾಡದೆ ವೈದ್ಯರ ಹತ್ತಿರ ಹೋಗಿ. ಆತಂಕದ ಬಗ್ಗೆ ಮಾತಾಡಲು ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬಿಟ್ಟದ್ದನ್ನೆಲ್ಲ ಒಂದೇ ದಿನ ತಿನ್ನಲು ಹೋಗಬೇಡಿ, ಒಂದನ್ನು ಆರಿಸಿ. ಮಜ್ಜಿಗೆಯಿಂದ ಶುರುಮಾಡಿ, ಲೋಟ ಅಳೆಯದೆ. ಅಮ್ಮನಿಗೂ ಹೇಳಿ: ‘ಒಂದು ಹೋಳಿಗೆ ತಿಂದರೆ ಸತ್ತುಹೋಗ್ತೀಯಾ’ ಅಂತ ಪಂಕ್ತಿಯಲ್ಲಿ ಎಲ್ಲರೆದುರು ಒತ್ತಾಯ ಬೇಡ.